ಮೃದ್ವಸ್ಥಿಯೇ ಗಟ್ಟಿಯಾಗಿ ಮೂಳೆಯಾಗುವುದಿಲ್ಲ

ಮಾನ್ಯ ಸಂಪಾದಕರೇ,

ಮೊದಲು ಮೃದ್ವಸ್ಥಿ, ಆಮೇಲೆ ಅದೇ ಗಟ್ಟಿಯಾಗಿ ಮೂಳೆ ಎಂದು ತರಗತಿಗಳಲ್ಲೂ ವಿಜ್ಞಾನ ಬರಹಗಳಲ್ಲೂ ಹೇಳುವುದು ರೂಢಿಯಾಗಿಬಿಟ್ಟಿದೆ. ಕೋಳಿಯ ಭ್ರೂಣದಲ್ಲಿ ನಡೆಯುವುದು ಬೇರೆ.

ಕಾವಿಗಿಟ್ಟ ಮೂರನೇ ದಿನ ಕಾಲು, ರೆಕ್ಕೆಗಳ ಮೊಗ್ಗು ಕಾಣುತ್ತದೆ. ನಾಲ್ಕನೇ ದಿನದ ಹೊತ್ತಿಗೆ ಮೊಗ್ಗಿನ ನಡುವಿನ ಜೀವಕೋಶಗಳು ಒತ್ತೊತ್ತಾಗಿ ಸೇರುತ್ತವೆ. ಬಳಿಕ ಸುತ್ತಲೂ ಎರಡನೇ ಬಗೆಯ ಕೊಲಾಜನ್ ಎಂಬ ಎಳೆಯಂಥ ಪ್ರೋಟೀನನ್ನೂ ಸಕ್ಕರೆ ಸರಪಳಿಗಳನ್ನು ಹೊತ್ತ ಆಗ್ರಿಕಾನ್ ಎಂಬ ಪ್ರೋಟೀನನ್ನೂ ಸ್ರವಿಸುತ್ತವೆ. ಆಗ್ರಿಕಾನ್ ನೀರು ಹೀರಿ ಉಬ್ಬಿದರೆ, ಕೊಲಾಜನ್ ಎಳೆಗಳು ಆ ಉಬ್ಬನ್ನು ಬಿಗಿಹಿಡಿಯುತ್ತವೆ. ಹೀಗೆ ಕೋಲಿನಂಥ ಮೃದ್ವಸ್ಥಿ ಆಗುತ್ತದೆ. ಏಳನೇ ದಿನದ ಆಸುಪಾಸಿನಲ್ಲಿ ಈ ಕೋಲಿನ ನಡುಭಾಗಕ್ಕೆ ಹೊರಗಿನಿಂದ ಬಳೆ ತೊಡಿಸಿದಂತೆ ಮೂಳೆ ಬರುತ್ತದೆ. ಅದನ್ನು ಕಟ್ಟುವುದು ಹೊರಪೊರೆಯ ಕೋಶಗಳು. ಆಮೇಲೆ ರಕ್ತನಾಳಗಳು ಒಳಹೊಕ್ಕು ಮೃದ್ವಸ್ಥಿಯನ್ನು ಕರಗಿಸಿ ಮಜ್ಜೆಗೆ ಜಾಗ ಮಾಡುತ್ತವೆ.

ಹೇಂಟೆಯ ಆಹಾರದಲ್ಲಿ ಮ್ಯಾಂಗನೀಸ್ ಕೊರತೆಯಾದರೆ ಭ್ರೂಣಕ್ಕೆ ಗಿಡ್ಡ ಕಾಲು, ಗಿಣಿಯಂಥ ಕೊಕ್ಕು ಬರುವುದು ಇದೇ ಕಾರಣಕ್ಕೆ: ಆಗ್ರಿಕಾನಿನ ಸಕ್ಕರೆ ಸರಪಳಿ ಹೆಣೆಯುವ ಕಿಣ್ವಗಳಿಗೆ ಮ್ಯಾಂಗನೀಸ್ ಬೇಕು. ಭ್ರೂಣ ಮಿಸುಕಾಡದಂತೆ ಮದ್ದು ಕೊಟ್ಟರೆ ಕೀಲಿನ ಸಂದು ಉಳಿಯದೆ ಮೃದ್ವಸ್ಥಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಇದನ್ನು ಪದವಿ ಕಾಲೇಜಿನ ಪ್ರಯೋಗಾಲಯದಲ್ಲೇ ತೋರಿಸಬಹುದು, ದಯವಿಟ್ಟು ತೋರಿಸಿ. ಅಂಗಡಿಯ ಫಾರಂ ಮೊಟ್ಟೆ ಬೇಡ, ಅದರಲ್ಲಿ ಭ್ರೂಣವೇ ಇರುವುದಿಲ್ಲ. ಹುಂಜ ಜೊತೆಗಿರುವ ಕೋಳಿಗಳ ಮೊಟ್ಟೆಯನ್ನು 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏಳು ದಿನ ಇಡಿ, ದಿನಕ್ಕೆ ಮೂರು ಸಲವಾದರೂ ಹೊರಳಿಸಿ. ಹೊರತೆಗೆದ ಭ್ರೂಣವನ್ನು ಶೇ 5ರ ಟ್ರೈಕ್ಲೋರೋ ಅಸಿಟಿಕ್ ಆಮ್ಲದಲ್ಲಿ ಒಂದು ರಾತ್ರಿ ಬಿಡಿ. ಶೇ 70ರ ಆಲ್ಕೋಹಾಲ್ 99 ಮಿ.ಲೀ.ಗೆ ಹೈಡ್ರೋಕ್ಲೋರಿಕ್ ಆಮ್ಲ 1 ಮಿ.ಲೀ. ಬೆರೆಸಿ, ಅದರಲ್ಲಿ 0.1 ಗ್ರಾಂ ಆಲ್ಸಿಯನ್ ಬ್ಲೂ ಎಂಬ ನೀಲಿ ಬಣ್ಣ ಕರಗಿಸಿ ಮತ್ತೊಂದು ರಾತ್ರಿ ನೆನೆಸಿ. ಆಮ್ಲ ಕಡಿಮೆಯಾದರೆ ಚರ್ಮ, ಮಾಂಸವೆಲ್ಲ ನೀಲಿಯಾಗುತ್ತದೆ. ಆಮ್ಲ ಸಾಕಷ್ಟಿದ್ದಾಗ ಮಾತ್ರ ಬಣ್ಣ ಮೃದ್ವಸ್ಥಿಯ ಆಗ್ರಿಕಾನ್ ಸರಪಳಿಗಳಲ್ಲಿರುವ ಸಲ್ಫೇಟಿಗಷ್ಟೇ ಅಂಟುತ್ತದೆ. ಬಣ್ಣವಿಲ್ಲದ ಅದೇ ದ್ರಾವಣದಲ್ಲಿ ತೊಳೆದು, ಶುದ್ಧ ಆಲ್ಕೋಹಾಲಿಗೆ ಎರಡು ಸಲ ಬದಲಾಯಿಸಿ, ಗಾಜಿನ ಬಾಟಲಿಯಲ್ಲಿ ಮೀಥೈಲ್ ಸ್ಯಾಲಿಸಿಲೇಟ್‌ಗೆ ಹಾಕಿ. ಮೈ ಪಾರದರ್ಶಕವಾಗಿ ನೀಲಿ ಅಸ್ಥಿಪಂಜರ ಮಾತ್ರ ಕಾಣುತ್ತದೆ. ಹಾಲಿನಂತೆ ಮಸುಕಾದರೆ ನೀರು ಉಳಿದಿದೆ ಎಂದರ್ಥ, ಆಲ್ಕೋಹಾಲಿಗೆ ಮರಳಿಸಿ.

ಮೂಳೆಯ ಬಳೆಯನ್ನೂ ಸುಣ್ಣಕ್ಕೆ ಅಂಟುವ ಅಲಿಜರಿನ್ ಎಂಬ ಕೆಂಪು ಬಣ್ಣದಲ್ಲಿ ತೋರಿಸಬೇಕೆಂದರೆ ಒಂಬತ್ತು, ಹತ್ತು ದಿನದ ಬೇರೊಂದು ಭ್ರೂಣವನ್ನು ಆಲ್ಕೋಹಾಲಿನಲ್ಲೇ ಇಟ್ಟುಕೊಳ್ಳಿ. ಆಮ್ಲ ಮುಟ್ಟಿದರೆ ಆಗಷ್ಟೇ ಕೂತ ಸುಣ್ಣ ಕರಗಿಹೋಗುತ್ತದೆ, ಕೆಂಪು ಹತ್ತುವುದೇ ಇಲ್ಲ.

ಇಂತಿ,
ಪ್ರಾಣಿಶಾಸ್ತ್ರ ಅಧ್ಯಾಪಕರು