ಸಣ್ಣ ಐರನ್ ಬಾಕ್ಸ್ ಮಾರೋರು ವೋಲ್ಟೇಜು, ವ್ಯಾಟು ಬರೀಲಿ

ಸಂಪಾದಕರಿಗೆ ನಮಸ್ಕಾರ,

ನಾನು ಮನೆಯಲ್ಲೇ ಬ್ಲೌಸ್ ಹೊಲಿಯೋಳು. ಟೈಮ್ ಸಿಕ್ಕಾಗ ಉಳಿದ ತುಂಡು ಬಟ್ಟೆಯೆಲ್ಲ ಸೇರಿಸಿ ಕ್ವಿಲ್ಟ್ ಮಾಡ್ತೀನಿ. ಮಷಿನ್ ಪಕ್ಕದಲ್ಲಿ ಇಟ್ಕೊಳ್ಳೋಕೆ ಒಂದು ಪುಟ್ಟ ಐರನ್ ಬಾಕ್ಸ್ ಬೇಕು ಅಂತ ಎರಡು ವರ್ಷ ಒದ್ದಾಡಿ, ಒಂದನ್ನ ಸುಟ್ಟು, ಒಂದನ್ನ ವಾಪಸ್ ಕಳ್ಸಿ, ಈಗ ಮೂರನೇದು ಕೈಗೆ ಹೊಂದಿದೆ. ಆನ್‌ಲೈನಲ್ಲಿ ಇದನ್ನ ಮಾರೋರು ಬೇಕಾದ್ದೊಂದನ್ನೂ ಬರೆಯಲ್ಲ ಅನ್ನೋ ಸಿಟ್ಟಿಗೆ ಈ ಪತ್ರ.

ನಮ್ಮಮ್ಮ ಗದಗದ ಕಡೆಯವರು, ಹಳೇ ಸೀರೆ ಪದರ ಹಾಕಿ ಕೈಯಲ್ಲೇ ಕೌದಿ ಹೊಲಿದವರು. ನಾನು ಐರನ್ ಹುಡುಕ್ತಿದ್ದಾಗ "ಇಸ್ತ್ರಿ ಯಾಕ ಬೇಕವ್ವಾ, ಉಗುರಿಲ್ಲೇನು ನಿನಗ?" ಅಂದ್ರು. ಉಗುರಲ್ಲಿ ಉಜ್ಜಿ ಮಡಿಕೆ ಕೂರಿಸೋದು ಕೌದಿಗೆ ಸರಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಎಂಥಾ ಚಂದದ ಕೌದಿ ಹೊಲೀತಾರೆ, ಬೆರಳಲ್ಲೇ ಅಂಚು ಮಡಚ್ಕೊಂಡು ಅಂಚಿಂದ ಒಳಗೆ ಹೊಲ್ಕೊಂಡು ಹೋಗೋದು. ಆದ್ರೆ ಮಷಿನ್ನಲ್ಲಿ ಚೌಕ ಚೌಕ ಜೋಡ್ಸೋವಾಗ ಉಗುರು ಸಾಲಲ್ಲ. ಹತ್ತು ತುಂಡು ಸೇರಿಸಿದ ಸಾಲಲ್ಲಿ ಒಂಬತ್ತು ಹೊಲಿಗೆ ಬರುತ್ತೆ, ಒಂದೊಂದು ಮಡಿಕೆಯಲ್ಲಿ ಒಂದೊಂದು ಮಿಲಿಮೀಟರ್ ಬಟ್ಟೆ ಸಿಕ್ಕಿಕೊಂಡ್ರೂ ಆ ಸಾಲು ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಗಿಡ್ಡ, ಪಕ್ಕದ ಸಾಲಿಗೆ ಮೂಲೆ ಕೂಡೋದೇ ಇಲ್ಲ. ಪ್ರತಿ ಹೊಲಿಗೆ ಆದ್ಮೇಲೂ ಒತ್ತಬೇಕು. ಅದಕ್ಕೆ ಎದ್ದು ದೊಡ್ಡ ಐರನ್ ಹತ್ರ ಹೋಗಿ ಬಂದು ಮಾಡ್ತಿದ್ರೆ ಸಂಜೆಗೆ ಸೊಂಟ ಹೋಯ್ತು.

ಮೊದಲನೇದು ನಮ್ಮ ನಾದಿನಿ ಅಮೆರಿಕದಿಂದ ತಂದುಕೊಟ್ಟಿದ್ದು, ಅಂಗೈಯಷ್ಟಿತ್ತು, ಮೂತಿ ಚೂಪಾಗಿತ್ತು. ಪಿನ್ ಬೇರೆ ಅಂತ ಅಡಾಪ್ಟರ್ ಹಾಕಿ ಸ್ವಿಚ್ ಒತ್ತಿದೆ, ಎಣಿಸಿ ಹತ್ತು ಸೆಕೆಂಡಿಲ್ಲ, ಸುಟ್ಟ ವಾಸನೆ, ಹೊಗೆ, ಅಷ್ಟೇ. ಅಲ್ಲಿ 120 ವೋಲ್ಟ್, ನಮ್ಮಲ್ಲಿ 230. ವೋಲ್ಟೇಜ್ ಹೆಚ್ಚುಕಮ್ಮಿ ಡಬಲ್ ಆದ್ರೆ ಶಾಖ ಮೂರೂವರೆ ಪಟ್ಟಿಗೂ ಜಾಸ್ತಿ ಆಗುತ್ತೆ ಅಂತ ಆಮೇಲೆ ಇಂಜಿನಿಯರಿಂಗ್ ಓದೋ ಮಗ ಹೇಳ್ದ (ಮೊದ್ಲೇ ಹೇಳಿದ್ರೆ ಏನಾಗ್ತಿತ್ತೋ). ಅಡಾಪ್ಟರ್ ಬರೀ ಪಿನ್ನಿನ ಆಕಾರ ಬದಲಿಸುತ್ತೆ, ವೋಲ್ಟೇಜ್ ಇಳ್ಸಲ್ಲ. ಫಾರಿನ್ನಿಂದ ತರಿಸೋರು ಐರನ್ ಮೇಲೆ ಎರಡೂ ವೋಲ್ಟೇಜ್ ಬರೆದಿದ್ಯಾ ನೋಡಿ, ಕೆಲವಕ್ಕೆ ಬದಲಾಯಿಸೋ ಸ್ವಿಚ್ಚೂ ಇರುತ್ತೆ, ಅದನ್ನ ಮರೆತ್ರೂ ಇದೇ ಕಥೆ.

ಎರಡನೇದು ಆನ್‌ಲೈನಲ್ಲಿ ತರಿಸಿದ ಸ್ಟೀಮ್ ಐರನ್. ಫೋಟೋ ಭಾರಿ ಚೆನ್ನಾಗಿತ್ತು, ವ್ಯಾಟ್ ಎಷ್ಟು ಅಂತ ಎಲ್ಲೂ ಇಲ್ಲ, ಎರಡೇ ಪಿನ್ನು, ಐಎಸ್‌ಐ ಗುರುತೂ ಇಲ್ಲ. ನೀರು ಹಿಡಿಯೋದು ಎರಡು ಚಮಚ, ಅದೂ ನಮ್ಮ ಬೋರ್‌ವೆಲ್ ನೀರಿಗೆ ನಾಲ್ಕೇ ದಿನದಲ್ಲಿ ತೂತುಗಳಲ್ಲಿ ಬಿಳೀ ಸುಣ್ಣ ಕಟ್ಟಿ ಒಬ್ರ ಕ್ರೀಮ್ ಕಲರ್ ಲೈನಿಂಗ್ ಮೇಲೆ ಕಂದು ಹನಿ ಉಗುಳಿತು. ಇನ್ನೊಂದು, ಬ್ಲೌಸ್ ಕುತ್ತಿಗೆಗೆ ಗಮ್ ಕ್ಯಾನ್ವಾಸ್ (ಬಿಸಿಗೆ ಅಂಟೋ ಗಟ್ಟಿ ಬಟ್ಟೆ) ಅಂಟಿಸುವಾಗ ತೂತಿರೋ ಕಡೆ ಬಿಸಿ ತಾಗಲ್ಲ, ಒಗೆದ್ಮೇಲೆ ಅಲ್ಲಲ್ಲಿ ಗುಳ್ಳೆ ಏಳುತ್ತೆ. ಹೊಲಿಗೆ ಕೆಲಸಕ್ಕೆ ಸ್ಟೀಮ್ ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ, ಒಂದು ಸ್ಪ್ರೇ ಬಾಟ್ಲಿ ಇಟ್ಕೊಂಡ್ರೆ ಸಾಕು.

ಈಗಿರೋದು ತೂತಿಲ್ಲದ ಸಪಾಟು ತಳದ ಡ್ರೈ ಐರನ್, ಮೂರು ಪಿನ್ನು, ತೂಕ ಮುಕ್ಕಾಲು ಕೆಜಿ. ಬ್ಲೌಸಿಗೆ ಆಕಾರ ಕೊಡೋಕೆ ಹಿಡಿಯೋ ಟಕ್ಸ್ ಮಡಿಕೆ ಒಳಗೆ, ತೋಳಿನ ಸುತ್ತ ಮೂತಿ ಹೋಗುತ್ತೆ. ಅದಕ್ಕೆ ಡಯಲ್ ಇದೆ ಅನ್ನೋದೇ ದೊಡ್ಡ ಮಾತು, ಎಷ್ಟೋ ಸಣ್ಣವಕ್ಕೆ ಬರೀ ಆನ್ ಆಫ್. ಡಯಲ್ ಮೇಲೆ ಒಂದು ಚುಕ್ಕಿ ಅಂದ್ರೆ ಸುಮಾರು 110 ಡಿಗ್ರಿ, ಎರಡಕ್ಕೆ 150, ಮೂರಕ್ಕೆ 200. ಕಾಟನ್‌ಗೆ ಬೇಕಾದ ಬಿಸೀನ ಪಾಲಿಸ್ಟರ್ ಜಾರ್ಜೆಟ್‌ಗೆ ಕೊಟ್ರೆ ಬಟ್ಟೆ ತಳಕ್ಕೇ ಅಂಟಿಕೊಳ್ಳುತ್ತೆ. ಮಗಳ ಹೇರ್ ಸ್ಟ್ರೈಟ್ನರಲ್ಲಿ ಪೈಪಿಂಗ್ ಒತ್ತೋಕೆ ಹೋಗಿ ನಾನು ಇದನ್ನ ಕಲ್ತಿದ್ದು, ಅವಳಿಗೆ ಇನ್ನೂ ಹೇಳಿಲ್ಲ. ಹಾಂ, ಕ್ವಿಲ್ಟ್ ತುಂಡಿನ ಮೇಲೆ ಐರನ್ ಎಳೀಬೇಡಿ, ಎತ್ತಿ ಇಟ್ಟು ಒತ್ತಿ, ಓರೆಯಾಗಿ ಕತ್ತರಿಸಿದ ಅಂಚು ಎಳೆದ್ರೆ ಜಗ್ಗಿ ಹೋಗುತ್ತೆ.

ನಮ್ಮ ದೇಶದಲ್ಲಿ ಐರನ್ ಬಾಕ್ಸಿಗೆ ಐಎಸ್‌ಐ ಗುರುತು ಕಡ್ಡಾಯ, ಐಎಸ್ 366 ಅಂತ ಅದರ ಸ್ಟ್ಯಾಂಡರ್ಡು, 2003ರ ಆದೇಶದಲ್ಲೇ ಇದೆ. ಗುರುತಿನ ಜೊತೆ ಇರೋ ಲೈಸೆನ್ಸ್ ನಂಬರನ್ನ, ಆ ಗುರುತು ಕೊಡೋ ಸರ್ಕಾರಿ ಸಂಸ್ಥೆ ಬಿಐಎಸ್‌ನ "ಬಿಐಎಸ್ ಕೇರ್" ಆ್ಯಪಲ್ಲಿ ಹಾಕಿ ಚೆಕ್ ಮಾಡಬಹುದು. ಹಾಗಿದ್ಮೇಲೆ ಗುರುತೇ ಇಲ್ಲದವು "ಮಿನಿ", "ಟ್ರಾವೆಲ್" ಅನ್ನೋ ಹೆಸರಲ್ಲಿ ರಾಜಾರೋಷವಾಗಿ ಹೇಗೆ ಮಾರಾಟ ಆಗ್ತಿವೆ? ಬೆಲೆ ಬರೆದಷ್ಟೇ ದಪ್ಪ ಅಕ್ಷರದಲ್ಲಿ ವೋಲ್ಟೇಜು, ವ್ಯಾಟು, ತೂಕ, ಲೈಸೆನ್ಸ್ ನಂಬರ್ ಬರೆಯೋಕೆ ಏನು ಕಷ್ಟ? ವ್ಯಾಟ್ ಗೊತ್ತಿಲ್ಲದೆ ಕರೆಂಟ್ ಹೋದಾಗ ಇನ್ವರ್ಟರ್‌ಗೆ ಹಾಕೋ ಹಾಗೂ ಇಲ್ಲ, ಮನೇಲಿರೋ ಸಾಮಾನ್ಯ ಇನ್ವರ್ಟರ್ 1000 ವ್ಯಾಟ್ ತಡ್ಕೊಳ್ಳಲ್ಲ. ಸಂಬಂಧಪಟ್ಟೋರು ಇದನ್ನ ನೋಡ್ಲಿ.

ಇನ್ನೊಂದು ವಿಷ್ಯ, ದೊಡ್ಡ ಐರನ್‌ಗೆ ಕಾಯಿಲ್ ಬದಲಿಸಿ ಕೊಡ್ತಾರೆ, ಸಣ್ಣದು ಅಂದ್ರೆ ನಮ್ಮ ಏರಿಯಾದ ಅಂಗಡಿಯವರು ಕೈಗೇ ತಗೊಳ್ಳಲ್ಲ. ಬೆಂಗಳೂರಲ್ಲಿ ಯಾರಾದ್ರೂ ರಿಪೇರಿ ಮಾಡೋರಿದ್ರೆ ಓದುಗರು ದಯವಿಟ್ಟು ಇದೇ ಕಾಲಮ್ಮಿಗೆ ಬರೀರಿ.

ಇತಿ,
ಬ್ಲೌಸ್ ಹೊಲಿಯೋ ಓದುಗಾರ್ತಿ, ಬೆಂಗಳೂರು