ಸಸಿಯ ಫೋಟೋ ಬೇಡ, ವಾರಕ್ಕೊಂದು ಪಿರಿಯಡ್ ಕೊಡಿ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಶಿಕ್ಷಕ. ಪ್ರತಿ ವರ್ಷ ಜೂನ್ 5ರ ವಿಶ್ವ ಪರಿಸರ ದಿನದಂದು ನಮ್ಮಲ್ಲಿ ಭಾಷಣ, ಪ್ರಬಂಧ ಸ್ಪರ್ಧೆ, ಆಮೇಲೆ ಸಸಿ ನೆಡುವ ಕಾರ್ಯಕ್ರಮ ಇರುತ್ತದೆ. ಹತ್ತು ಮಕ್ಕಳು ಒಂದೇ ಸಸಿಗೆ ಕೈ ತಾಗಿಸಿ ನಿಲ್ಲುತ್ತಾರೆ. ಫೋಟೋ ಇಲಾಖೆಗೆ ಹೋಗುತ್ತದೆ. ಹೋದ ವರ್ಷ ನೋಡಿದರೆ, ಅದರ ಹಿಂದಿನ ವರ್ಷ ನೆಟ್ಟ ಸಸಿ ಒಣಗಿಹೋಗಿತ್ತು, ಅದೇ ಜಾಗದಲ್ಲಿ ಇನ್ನೊಂದನ್ನು ನೆಟ್ಟೆವು. ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಮೊದಲಿನದು ಯಾಕೆ ಸತ್ತಿತು?" ನನಗೆ ಉತ್ತರ ಗೊತ್ತಿರಲಿಲ್ಲ. ನೆಟ್ಟ ಮೇಲೆ ನಾವ್ಯಾರೂ ಅದರ ಕಡೆ ತಿರುಗಿ ನೋಡಿರಲಿಲ್ಲ.

ಆ ಪ್ರಶ್ನೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಕೋರಿಕೆ ಒಂದೇ. ವರ್ಷವಿಡೀ ವಾರಕ್ಕೊಂದು ಪಿರಿಯಡ್ ಕೊಡಿ. ಮಕ್ಕಳು ಹೊರಗೆ ಬಂದು ನೋಡಲಿ, ಅಳೆಯಲಿ, ಬರೆದಿಡಲಿ.

ನಾವು ಸಣ್ಣದಾಗಿ ಶುರು ಮಾಡಿದೆವು. ನೇರ ಗೋಡೆಯ ಒಂದು ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಲಾಳಿಕೆಯಂತೆ ಕೂರಿಸಿ ಮಳೆಮಾಪಕ ಮಾಡಿದೆವು. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ಈ ಲೆಕ್ಕ ತಿಳಿದ ಕೂಡಲೇ ಮಕ್ಕಳು ಟೇಪ್ ಹಿಡಿದು ಶಾಲೆಯ ಚಾವಣಿಯ ಅಳತೆ ತೆಗೆದರು. 200 ಚದರ ಮೀಟರ್ ಬಂತು. ಒಂದು ರಾತ್ರಿ 12 ಮಿಲಿಮೀಟರ್ ಮಳೆಯಾಯಿತು. ಅಂದರೆ 2,400 ಲೀಟರ್! ಅಷ್ಟೂ ನೀರು ಎಲ್ಲಿ ಹೋಯಿತು ಎಂದು ಚರಂಡಿಯ ಗುಂಟ ನಡೆದುಕೊಂಡೇ ಹೋದರು. ಮಳೆನೀರು ಸಂಗ್ರಹದ ಪಾಠವನ್ನು ನಾನು ಎಷ್ಟೋ ವರ್ಷ ಮಾಡಿದ್ದೇನೆ. ಯಾವ ತರಗತಿಯೂ ಅಷ್ಟು ಪ್ರಶ್ನೆ ಕೇಳಿರಲಿಲ್ಲ.

ಆಮೇಲೆ ಗೊಬ್ಬರ ಮಾಡಲು ಒಂದು ರಾಶಿ ಹಾಕಿದೆವು. ಅದರ ಕಥೆ ಬೇರೆ. ಅದು ಮೊದಲು ಕೆಟ್ಟಿತು. ಹಸಿ ಹುಲ್ಲು ಜಾಸ್ತಿಯಾಗಿ, ಗಾಳಿ ಆಡದೆ, ವಾಸನೆ ಹೊಡೆಯಿತು. ಮಕ್ಕಳೇ ಕಾರಣ ಹುಡುಕಿ, ತರಗೆಲೆ ಬೆರೆಸಿ, ರಾಶಿಯನ್ನು ಮಗುಚಿ ಹಾಕಿದರು. ಕೆಲವೇ ದಿನಗಳಲ್ಲಿ ಒಳಗಿನ ಶಾಖ 50 ಡಿಗ್ರಿ ದಾಟಿತು. ಕಣ್ಣಿಗೆ ಕಾಣದ ಜೀವಿಗಳು ಅಷ್ಟು ಬಿಸಿ ಹುಟ್ಟಿಸುತ್ತವೆ ಎನ್ನುವುದನ್ನು ಅವರು ಥರ್ಮಾಮೀಟರಿನಲ್ಲಿ ಓದಿದರು. ಮೊದಲು ಈ ತರಗೆಲೆಗಳನ್ನೇ ನಾವು ಗುಡಿಸಿ ಸುಡುತ್ತಿದ್ದೆವು.

ಇದು ನನ್ನ ಹೊಸ ಆಲೋಚನೆಯೇನಲ್ಲ. 1977ರಲ್ಲಿ ಜಾರ್ಜಿಯಾದ ಟಿಬಿಲಿಸಿ ನಗರದಲ್ಲಿ ಯುನೆಸ್ಕೋ ನಡೆಸಿದ ಸಮ್ಮೇಳನವೇ ಪರಿಸರ ಶಿಕ್ಷಣಕ್ಕೆ ಕೈಯಾರೆ ಮಾಡುವ ಕೆಲಸ, ಸ್ವಂತ ಅನುಭವ ಮುಖ್ಯ ಎಂದು ಹೇಳಿತ್ತು. 1995ರಲ್ಲಿ ಶುರುವಾದ ಗ್ಲೋಬ್ ಎಂಬ ಕಾರ್ಯಕ್ರಮದಲ್ಲಿ ಹಲವು ದೇಶಗಳ ಮಕ್ಕಳು ಮಳೆ, ಮೋಡ, ಮಣ್ಣು, ನೀರನ್ನು ಅಳೆದು ಮಾಹಿತಿ ಹಂಚಿಕೊಳ್ಳುತ್ತಾರೆ. ವಿಜ್ಞಾನಿಗಳೂ ಅದನ್ನು ಬಳಸುತ್ತಾರೆ.

ದಯವಿಟ್ಟು ಇದಕ್ಕೆ ಅಂಕ ಮಾತ್ರ ಇಡಬೇಡಿ. ಅಂಕ ಬಂದ ದಿನವೇ ಗೈಡು ಬರುತ್ತದೆ, ಮಳೆ ಬರದಿದ್ದರೂ ಅಳತೆ ಬರೆಯುತ್ತಾರೆ. ಶಿಕ್ಷಕರ ತರಬೇತಿಯೂ ಸಭಾಂಗಣದಲ್ಲಿ ಬೇಡ, ಶಾಲೆಯ ಅಂಗಳದಲ್ಲಿ ನಡೆಯಲಿ. ಪೋರ್ಷನ್ ಮುಗಿಸುವ ಒತ್ತಡ ನಮಗೆಲ್ಲ ಇದೆ. ಅದಕ್ಕೇ ವೇಳಾಪಟ್ಟಿಯಲ್ಲೇ ಜಾಗ ಕೇಳುತ್ತಿದ್ದೇನೆ. ಇಲ್ಲದಿದ್ದರೆ ಇದು ಯಾರೋ ಒಬ್ಬ ಶಿಕ್ಷಕರ ಹುಮ್ಮಸ್ಸಾಗಿ ಉಳಿದು, ಅವರು ವರ್ಗವಾದ ದಿನ ನಿಂತುಹೋಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಮಕ್ಕಳು ಅಳತೆ ಬರೆದಿಡುವ ನೋಟ್ ಪುಸ್ತಕ. ಒಂದು ಜಾಗದ ಹವಾಗುಣ ಹೇಳಲು ತಜ್ಞರು ಸಾಮಾನ್ಯವಾಗಿ 30 ವರ್ಷಗಳ ಸರಾಸರಿ ತೆಗೆದುಕೊಳ್ಳುತ್ತಾರೆ. ಮಕ್ಕಳು ಬಂದು ಹೋಗುತ್ತಾರೆ, ನಾವೂ ಅಷ್ಟೇ. ಆದರೆ ಶಾಲೆ ಅದೇ ಜಾಗದಲ್ಲಿ ನಿಂತಿರುತ್ತದೆ, ಅಲ್ವಾ? ಒಂದು ಬ್ಯಾಚು ಬರೆದ ಪುಸ್ತಕವನ್ನು ಮುಂದಿನ ಬ್ಯಾಚು ಮುಂದುವರಿಸಿದರೆ, ತನ್ನ ಅಮ್ಮ ಅಳೆದ ಮಳೆಯನ್ನು ಮಗಳು ಅದೇ ಅಂಗಳದಲ್ಲಿ ಕೂತು ಓದಬಹುದು.

ಆ ಹುಡುಗಿ ಈಗ ಒಂಬತ್ತನೇ ತರಗತಿ. ಎರಡನೇ ಸಸಿಯ ಎತ್ತರವನ್ನು ಪ್ರತಿ ಸೋಮವಾರ ಬರೆಯುತ್ತಾಳೆ. ಬೇಸಿಗೆಯಲ್ಲಿ ಅದು ಬಾಡಿದ್ದು, ಮಕ್ಕಳು ಸರದಿಯಲ್ಲಿ ನೀರು ಹಾಕಿದ್ದು, ಮತ್ತೆ ಚಿಗುರಿದ್ದು ಎಲ್ಲವೂ ಪುಸ್ತಕದಲ್ಲಿದೆ. ಮುಂದಿನ ಜೂನ್ 5ರ ಸುತ್ತೋಲೆಯಲ್ಲಿ ಫೋಟೋ ಬದಲು ಅಂಥ ಪುಸ್ತಕದ ಒಂದು ಪುಟ ಕೇಳಿ ಸರ್. ನಾವು ಕಳಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕ