ನಾಲ್ಕು ಕಟ್ಟು ಸೊಪ್ಪು

ಪುಟ್ಟಿ,

ಭಾನುವಾರದಿಂದ ನೀನು ಫೋನ್ ಮಾಡಿಲ್ಲ. ನಾನೂ ಮಾಡಲಿಲ್ಲ. ಎರಡು ಸಲ ನಿನ್ನ ನಂಬರ್ ಒತ್ತಿ ಕಟ್ ಮಾಡಿದೆ. ಮಾತಿಗೆ ಕೂತರೆ ಮತ್ತೆ ನನ್ನ ದನಿ ಏರುತ್ತದೆ ಅಂತ ಗೊತ್ತು. ಅದಕ್ಕೇ ಕಾಗದ ತಗೊಂಡು ಕೂತಿದ್ದೇನೆ.

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಸರ್ಜಾಪುರದ ಆ ಮಾದರಿ ಮನೆಯ ಹಾಲ್‌ನಲ್ಲಿ, ಅಳಿಯಂದಿರ ಎದುರು, ಮನೆ ತೋರಿಸುತ್ತಿದ್ದ ಆ ಹುಡುಗನ ಎದುರು, "ಬುದ್ಧಿ ಇರೋರು ಇಲ್ಲಿ ಮನೆ ತಗೋತಾರಾ?" ಅಂದುಬಿಟ್ಟೆ. ಅನ್ನಬಾರದಿತ್ತು. ಸಾಲ ನಿಮ್ಮದು, ದುಡಿಮೆ ನಿಮ್ಮದು. ಕ್ರಯಪತ್ರದಲ್ಲಿ ನಿನ್ನ ಹೆಸರೂ ಇರುತ್ತೆ. ನಮ್ಮ ಮನೆತನದಲ್ಲಿ ಹೆಣ್ಣುಮಗಳೊಬ್ಬಳು ತನ್ನ ಸಂಬಳದಲ್ಲಿ ಮನೆ ಕೊಳ್ಳುತ್ತಿರುವುದು ಇದೇ ಮೊದಲು. ಆ ಸಂತೋಷ ಹೇಳಬೇಕು ಅಂತಲೇ ಅವತ್ತು ಹೊರಟಿದ್ದೆ. ಬಾಯಿಂದ ಬೇರೇನೋ ಬಂತು.

ನೀನು ಜಗಳ ಆಡಲಿಲ್ಲ. ಒಂದೇ ಮಾತು ಕೇಳಿದೆ. "ಅಪ್ಪಾ, ನೀವು ಕಟ್ಟಿದಾಗ ಕುಮಾರಸ್ವಾಮಿ ಲೇಔಟ್‌ನಲ್ಲಿ ಏನಿತ್ತು?" ಅಷ್ಟು ಕೇಳಿ ಮಗುವನ್ನು ಎತ್ತಿಕೊಂಡು ಕಾರಿನಲ್ಲಿ ಹೋಗಿ ಕೂತೆ. ಸರ್ಜಾಪುರದಿಂದ ಮನೆ ಸೇರುವವರೆಗೂ ಯಾರೂ ಮಾತಾಡಲಿಲ್ಲ.

ಏನಿತ್ತು ಅಂದರೆ, ಏನೂ ಇರಲಿಲ್ಲ. 1987ರಲ್ಲಿ ನಾವು ಹಾಲು ಉಕ್ಕಿಸಿದಾಗ ನಮ್ಮ ರಸ್ತೆಯಲ್ಲಿ ನಮ್ಮದೂ ಸೇರಿ ಮೂರು ಮನೆ. ಬೀದಿ ದೀಪ ಇಲ್ಲ. ಬಿ.ಟಿ.ಎಸ್. ಬಸ್ಸು ದೂರದಲ್ಲಿ ಇಳಿಸುತ್ತಿತ್ತು, ಮಳೆ ಬಂದರೆ ಚಪ್ಪಲಿ ಕೈಯಲ್ಲಿ. ಅದಕ್ಕೆ ಮೊದಲು ಚಾಮರಾಜಪೇಟೆಯ ವಠಾರದಲ್ಲಿ ಒಂದೂವರೆ ಕೋಣೆಯಲ್ಲಿದ್ದೆವು. ಹನ್ನೊಂದು ಸಂಸಾರಕ್ಕೆ ಒಂದೇ ನಲ್ಲಿ. ಅಲ್ಲಿಂದ ಬಿಡಿಸಿ ನಿನ್ನಮ್ಮನನ್ನು ಸ್ವಂತ ಮನೆಗೆ ಕರೆತಂದೆ ಅಂತ ನಾನು ಉಬ್ಬಿಹೋಗಿದ್ದೆ. ಈ ಕಥೆ ನೀನು ನೂರು ಸಲ ಕೇಳಿದ್ದೀಯ. ಆದರೆ ಒಂದು ವಿಷಯ ಹೇಳಿಲ್ಲ. ಅಮ್ಮನೂ ಹೇಳಿರಲಿಕ್ಕಿಲ್ಲ.

1989. ನೀನು ಹೊಟ್ಟೆಯಲ್ಲಿದ್ದೆ, ಆರನೇ ತಿಂಗಳು. ಒಂದು ದಿನ ಸೈಟ್ ಕೆಲಸ ಬೇಗ ಮುಗಿದು ಮಧ್ಯಾಹ್ನವೇ ಮನೆಗೆ ಬಂದೆ. ಅಮ್ಮ ಗೇಟಿನ ಹತ್ತಿರ ನಿಂತು ಸೊಪ್ಪಿನವಳ ಜೊತೆ ಮಾತಾಡುತ್ತಿದ್ದಳು. ಸೊಪ್ಪಿನವಳು ಬುಟ್ಟಿ ತಲೆಗೆತ್ತಿಕೊಂಡು ಹೊರಡುತ್ತಾಳೆ, ಅಮ್ಮ ಇನ್ನೊಂದು ಕಟ್ಟು ಕೇಳುತ್ತಾಳೆ. ಅವಳು ಬುಟ್ಟಿ ಇಳಿಸುತ್ತಾಳೆ. ನಾನು ಸುಮ್ನೆ ಒಳಗೆ ಹೋದೆ. ಅಡುಗೆ ಮನೆಯಲ್ಲಿ ನೋಡಿದರೆ ನಾಲ್ಕು ಕಟ್ಟು ಸೊಪ್ಪು ಬಾಡಿ ಬಿದ್ದಿತ್ತು. ದಂಟು, ಮೆಂತ್ಯ, ಸಬ್ಬಸಿಗೆ, ಇನ್ನೊಂದು ದಂಟು. ಇಬ್ಬರ ಸಂಸಾರ. ಸಾಲದ ಕಂತು ಕಟ್ಟಿ ಕೈಯಲ್ಲಿ ಏನೂ ಉಳಿಯದ ಕಾಲ. ನನಗೆ ರೇಗಿತು. ದುಡ್ಡು ಮರದಲ್ಲಿ ಬೆಳೆಯುತ್ತಾ ಅಂತ ಕೂಗಾಡಿದೆ.

ಅವಳು ಅಳಲಿಲ್ಲ. "ಒಂದು ಕಟ್ಟು ತಗೊಂಡ್ರೆ ಎರಡು ನಿಮಿಷ ಮಾತಾಡ್ತಾಳೆ ರೀ" ಅಂದಳು. ಅಷ್ಟೇ. ಆಮೇಲೆ ತಟ್ಟೆ ಹಾಕಿದಳು.

ಬೆಳಿಗ್ಗೆ ಏಳಕ್ಕೆ ಹೋದರೆ ರಾತ್ರಿ ಎಂಟಕ್ಕೆ ನಾನು ಬರುತ್ತಿದ್ದುದು. ಅಷ್ಟು ಹೊತ್ತಿನಲ್ಲಿ ಅವಳ ಜೊತೆ ಮಾತಾಡಿದವರು ಸೊಪ್ಪಿನವಳು ಒಬ್ಬಳೇ. ವಠಾರದಲ್ಲಿ ಹನ್ನೊಂದು ಮನೆ ಹೆಂಗಸರ ಮಧ್ಯೆ ಇದ್ದವಳು. ಅಲ್ಲಿ ನಲ್ಲಿ ಹತ್ತಿರ ಜಗಳ ಆಡಿದವರೇ ಸಂಜೆ ಹೂವು ಕೊಟ್ಟು ಹೋಗುತ್ತಿದ್ದರು. ನಾನು ಅವಳಿಗೆ ಕೋಣೆ ಕೊಟ್ಟೆ, ಅಂಗಳ ಕೊಟ್ಟೆ. ಆ ಹೆಂಗಸರನ್ನು ಕಿತ್ತುಕೊಂಡೆ. ಸೈಟು ತಗೊಳ್ಳುವಾಗ ಅವಳನ್ನು ಒಂದು ಮಾತು ಕೇಳಲಿಲ್ಲ. ಕರೆದುಕೊಂಡು ಹೋಗಿ ತೋರಿಸಿದೆ, ಅಷ್ಟೇ. ಅವಳು "ಚೆನ್ನಾಗಿದೆ" ಅಂದಳು. ಬೇರೆ ಏನು ಹೇಳಲು ನಾನು ಬಿಟ್ಟಿದ್ದೆ?

ಹೋದ ವರ್ಷದ್ದು ಇಲ್ಲಿ ಬರೆಯುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ಕೂತಿದ್ದ ರಾತ್ರಿಗಳಲ್ಲಿ ನನಗೆ ಕಾಣುತ್ತಿದ್ದದ್ದು ಆ ಸೊಪ್ಪು. ಅವತ್ತೇ ಕ್ಷಮೆ ಕೇಳಿದ್ದರೆ ಆಗುತ್ತಿತ್ತು.

ಈಗ ನಿನ್ನ ವಿಷಯ. ನಿನಗೆ ವಾರಕ್ಕೆ ಮೂರು ದಿನ ಮನೆಯಲ್ಲೇ ಕೆಲಸ, ಮಗುವಿಗೆ ಎಂಟು ತಿಂಗಳು, ಅಳಿಯಂದಿರು ರಾತ್ರಿ ಬರುವವರು. ಆ ವಿಲ್ಲಾ ಸಾಲಿನಲ್ಲಿ ನಲವತ್ತು ಮನೆಗೆ ಆರರಲ್ಲಿ ಮಾತ್ರ ಪರದೆ ಇತ್ತು. ನಾನು ಎಣಿಸಿದೆ. ನನಗೆ ರೇಗಿದ್ದು ಅದಕ್ಕೆ. ನಿನಗೆ ಫೋನ್ ಇದೆ, ವಾಟ್ಸಾಪ್ ಇದೆ, ಹತ್ತು ನಿಮಿಷಕ್ಕೆ ಸೊಪ್ಪು ತಂದುಕೊಡುವ ಹುಡುಗರಿದ್ದಾರೆ ಅಂತ ನೀನು ಹೇಳಬಹುದು. ಆ ಹುಡುಗ ಎರಡು ನಿಮಿಷ ನಿಲ್ಲುವುದಿಲ್ಲ ಪುಟ್ಟಿ.

ಇನ್ನು ನೀರು. 31 ವರ್ಷ ನೀರಿನ ಕೆಲಸ ಮಾಡಿದವನು ಇದನ್ನು ಹೇಳದೆ ಇರಲಾರೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬೆಂಗಳೂರಿಗೆ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಯಿತು, ದಿನಕ್ಕೆ 775 ದಶಲಕ್ಷ ಲೀಟರ್. ಅದು ಪಾಲಿಕೆಗೆ ಸೇರಿದ್ದ 110 ಹಳ್ಳಿಗಳಿಗಾಗಿ. ಆ ಹುಡುಗ "ಕಾವೇರಿ ಬರ್ತಾ ಇದೆ ಸಾರ್" ಅಂದನಲ್ಲ, ನಾನು ಮನೆಗೆ ಬಂದು ನಕ್ಷೆ ನೋಡಿದೆ. ಸರ್ಜಾಪುರ ಆನೇಕಲ್ ತಾಲ್ಲೂಕಿಗೆ ಸೇರಿದ್ದು, ಆ 110ರಲ್ಲಿ ಇಲ್ಲ. ಅಲ್ಲಿ ಬೋರ್‌ವೆಲ್ಲು, ಅದು ಬತ್ತಿದರೆ ಟ್ಯಾಂಕರ್. 2024ರ ಬೇಸಿಗೆ ನೆನಪಿದೆಯಾ? ಬೋರ್‌ವೆಲ್ ಎಷ್ಟು, ಎಷ್ಟು ಆಳ, ಆ ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ತರಿಸಿದರು, ಇದನ್ನು ಅಲ್ಲಿ ಈಗಾಗಲೇ ಇರುವ ಆರು ಮನೆಯವರನ್ನು ಕೇಳು. ಹುಡುಗನನ್ನು ಕೇಳಬೇಡ.

ನೀರು ಇಲ್ಲದ್ದು ಒಂದು ಭಯ, ಜಾಸ್ತಿ ಬರುವುದು ಇನ್ನೊಂದು. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ ಕಡೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಕರೆತಂದರು. ಹಳೆಯ ಗ್ರಾಮ ನಕ್ಷೆ ತೆಗೆಸಿ ನೋಡು. ಹಳ್ಳ, ರಾಜಕಾಲುವೆ ಎಲ್ಲಿದೆ ಅಂತ ಅದು ಹೇಳುತ್ತದೆ. ಕಾಂಪೌಂಡು ಕಟ್ಟಿದರೂ ನೀರು ತನ್ನ ದಾರಿ ಮರೆಯುವುದಿಲ್ಲ. ಯೋಜನೆ ನೋಂದಣಿಯಾದ ರೇರಾ ನಂಬರ್ ನೋಡಿದ್ದೀಯ ಅಂತ ಗೊತ್ತು. ಕಟ್ಟಡ ವಾಸಕ್ಕೆ ಸಿದ್ಧ ಅಂತ ಕೊಡುವ ಓಸಿ ಬಂದಿದೆಯಾ? ಓಸಿಗೆ ಮೊದಲು ತಗೊಂಡರೆ 5% ಜಿಎಸ್‌ಟಿ ಬೇರೆ.

ನೀವು ನೋಡಿರುವ ಇನ್ನೊಂದು, ಬನಶಂಕರಿ ಎರಡನೇ ಹಂತದ ಆ ಹಳೇ ಮನೆಯನ್ನು ನಾನು ಹೊಗಳಿ ಹೊಗಳಿ ನಿನಗೆ ಸಾಕು ಮಾಡಿದ್ದೇನೆ. ಅದರ ಹುಳುಕನ್ನೂ ಹೇಳುತ್ತೇನೆ. 20x30 ಸೈಟು, 1978ರ ಕಟ್ಟಡ. ಕೊಡುವ ದುಡ್ಡೆಲ್ಲ ಮಣ್ಣಿಗೇ. ಜಿಐ ಪೈಪು ಒಳಗೆ ತುಕ್ಕು ಹಿಡಿದು ಅರ್ಧ ಮುಚ್ಚಿಹೋಗಿರುತ್ತದೆ, ಎಲ್ಲ ಕೀಳಿಸಬೇಕು. ವೈರಿಂಗ್ ಹೊಸದಾಗಿ ಆಗಬೇಕು. ಮಹಡಿ ಕೋಣೆಯ ಮೂಲೆಯಲ್ಲಿ ಹೊಸ ಬಣ್ಣ ಹೊಡೆದಿದ್ದಾರೆ, ಅಲ್ಲಿ ಸೋರುತ್ತೆ. ಕಾರು ರಸ್ತೆಯಲ್ಲೇ. ಇನ್ನು ಕಾಗದ. ಆ ಮನೆಗೆ ವಾರಸುದಾರರು ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮದುವೆಯಾಗಿ ಹೋದ ಮಗಳ ಸಹಿ ಯಾಕೆ ಅಂತ ಬ್ರೋಕರ್ ಅಂದನಂತೆ. ಅವನ ಮಾತು ಕೇಳಬೇಡ. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಅಂತ 2005ರಲ್ಲಿ ಕಾನೂನು ತಿದ್ದುಪಡಿ ಆದಮೇಲೂ ಹೀಗೆ ಹೇಳುವವರಿದ್ದಾರಲ್ಲ! ಆ ಹೆಣ್ಣುಮಗಳ ಸಹಿ ಇಲ್ಲದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡ. ಮೂಲಪತ್ರದಿಂದ ಹಿಡಿದು ಎಲ್ಲ ಕ್ರಯಪತ್ರ, 30 ವರ್ಷದ ಇಸಿ (ಋಣಭಾರ ಪತ್ರ), ಇ-ಖಾತೆ, ಮಂಜೂರಾದ ಪ್ಲಾನು, ಎಲ್ಲ ಬೇಕು.

ನೋಡು, ಮತ್ತೆ ಪಾಠ ಶುರು ಮಾಡಿದೆ.

ನಿನ್ನ ಪ್ರಶ್ನೆಯಲ್ಲಿ ನ್ಯಾಯ ಇದೆ, ಅದನ್ನೂ ಒಪ್ಪುತ್ತೇನೆ. ಈ ಊರಲ್ಲಿ ಇವತ್ತು ಹಳೇ ಬಡಾವಣೆ ಅನ್ನಿಸಿಕೊಂಡದ್ದೆಲ್ಲ ಒಂದು ಕಾಲಕ್ಕೆ ಊರಾಚೆಯೇ. ಚಾಮರಾಜಪೇಟೆ 1892ರದ್ದು. ಬಸವನಗುಡಿ, ಮಲ್ಲೇಶ್ವರ 1898ರ ಪ್ಲೇಗಿನ ಮೇಲೆ ಬಂದವು. 1948ರಲ್ಲಿ ಜಯನಗರ ಶುರುವಾದಾಗ ಅದೂ ಊರಿನ ಅಂಚು. ನಮ್ಮ ಲೇಔಟಿಗೂ ನಿಧಾನಕ್ಕೆ ಎಲ್ಲ ಬಂತು. ನಮ್ಮ ನಲ್ಲಿಯಲ್ಲಿ ಕಾವೇರಿ ನೀರು ಬಂದಾಗ ನೀನು ಒಂದನೇ ಕ್ಲಾಸು. ಸರ್ಜಾಪುರಕ್ಕೂ ಬರುತ್ತದೆ, ಬೆಲೆಯೂ ಏರುತ್ತದೆ. ಮೂರು ಬೆಡ್‌ರೂಮು, ಹಿಂದೆ ಅಂಗಳ, ಮಗು ಓಡಾಡಲು ಜಾಗ, ಇದೆಲ್ಲ ಸುಳ್ಳಲ್ಲ. ಆದರೆ ಬರುವವರೆಗಿನ ವರ್ಷಗಳನ್ನು ಯಾರೋ ಒಬ್ಬರು ಕಳೆಯಬೇಕಲ್ಲ. ನಮ್ಮ ಮನೆಯಲ್ಲಿ ಅದನ್ನು ಕಳೆದವಳು ನಿನ್ನಮ್ಮ. ಬೆಲೆ ಏರಿದಾಗ ಲಾಭ ಆಯಿತು ಅಂತ ಹೇಳಿಕೊಂಡು ತಿರುಗಿದವನು ನಾನು.

ಇನ್ನೊಂದು ಅನುಮಾನ ನಿನಗಿರಬಹುದು. ಬನಶಂಕರಿಯಾದರೆ ನನಗೆ ಹತ್ತಿರ, ಅದಕ್ಕೇ ಅಪ್ಪ ಹಟ ಹಿಡಿದಿದ್ದಾರೆ ಅಂತ. ಹೌದು, ಆ ಆಸೆ ಇದೆ. ಬೆಳಿಗ್ಗೆ ವಾಕಿಂಗ್ ಬಂದು ಮಗುವನ್ನು ಒಂದು ಗಂಟೆ ಆಡಿಸಿ ಹೋಗುವ ಆಸೆ. ನಿನ್ನ ಆಫೀಸಿಗೂ ಸುಲಭ, ಮೆಟ್ರೋ ಹತ್ತಿ ಮುಂದಿನ ಸ್ಟಾಪು ಆರ್.ವಿ. ರೋಡಲ್ಲಿ ಇಳಿದರೆ ಎಲೆಕ್ಟ್ರಾನಿಕ್ ಸಿಟಿಗೆ ಹಳದಿ ಮಾರ್ಗ. ಆದರೆ ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡ. ನನಗೆ ಎಪ್ಪತ್ತು. ನೀವು ಕಟ್ಟುವುದು ಇಪ್ಪತ್ತು ವರ್ಷದ ಕಂತು.

ಆಷಾಢ ಬರುವುದರೊಳಗೆ ಅಡ್ವಾನ್ಸ್ ಕೊಟ್ಟುಬಿಡಬೇಕು ಅಂತ ಇಬ್ಬರೂ ಓಡಾಡುತ್ತಿದ್ದೀರಿ. ಅದಕ್ಕೆ ಮೊದಲು ಒಂದು ಕೆಲಸ ಮಾಡು. ಭಾನುವಾರ ಬೇಡ, ಭಾನುವಾರ ಎಲ್ಲ ಊರೂ ತುಂಬಿರುತ್ತದೆ. ಯಾವುದಾದರೂ ಮಂಗಳವಾರ, ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ ಮಗುವನ್ನು ಎತ್ತಿಕೊಂಡು ನೀನೊಬ್ಬಳೇ ಹೋಗು. ಎರಡೂ ಕಡೆ ಗೇಟಿನ ಹತ್ತಿರ ಒಂದೊಂದು ಗಂಟೆ ನಿಲ್ಲು. ಯಾರು ಬರುತ್ತಾರೆ, ಯಾರು ಮಗುವನ್ನು ಮಾತಾಡಿಸುತ್ತಾರೆ ನೋಡು. ಆಮೇಲೆ ನೀನು ಯಾವುದು ಅಂದರೂ ನನಗೆ ಒಪ್ಪಿಗೆ. ಸರ್ಜಾಪುರ ಅಂದರೂ ಸರಿ. ಬೋರ್‌ವೆಲ್ಲು, ಸಂಪು, ಮಳೆಕೊಯ್ಲು ಎಲ್ಲ ನಾನೇ ಬಂದು ನಿಂತು ನೋಡುತ್ತೇನೆ.

ಅಳಿಯಂದಿರಿಗೆ ನಾಳೆ ನಾನೇ ಫೋನ್ ಮಾಡುತ್ತೇನೆ. ಅವರ ಎದುರು ಆಡಿದ ಮಾತಿಗೆ ಅವರಲ್ಲೂ ಕ್ಷಮೆ ಕೇಳಬೇಕು. ಹಳೇ ಮನೆಯ ಕಾಗದಗಳ ಜೆರಾಕ್ಸ್ ಕಳಿಸಿಕೊಡು, ಕನ್ನಡಕ ಸರಿ ಮಾಡಿಸಿಕೊಂಡಿದ್ದೇನೆ, ಕೂತು ಓದುತ್ತೇನೆ.

ಮಗುವಿನ ಕೆಮ್ಮು ಹೇಗಿದೆ?

ಅಪ್ಪ